ಅಳಿಲು ಹೇಳಿದ ಮನುಷ್ಯಚರಿತ್ರೆ

ಪಶುಪಕ್ಷಿಗಳ ಬಾಯಿಂದ ಮನುಷ್ಯನಿಗೆ ಬುದ್ಧಿ ಹೇಳಿಸುವ ಪದ್ಧತಿಯು ಬಹು ಪ್ರಾಚೀನವಾದುದು. ವಿಷ್ಣುಶರ್ಮನ ನರಿಗಳೂ ಕಾಗೆಗಳೂ ರಾಜಪುತ್ರರಿಗೆ ನೀತಿಯನ್ನು ಕಲಿಸಿದುವು. ಆದರೆ ತಾವು ಮನುಷ್ಯರಿಗಿಂತ ಶುದ್ಧರೆಂಬ ಅಭಿಮಾನವನ್ನು ಅವು ತಾಳಲಿಲ್ಲ. ಅವುಗಳಲ್ಲಿ ಮೋಸವುಂಟು, ಹಸಿವುಂಟು, ತಲೆತಲಾಂತರದ ಹಗೆಯುಂಟು. ಇದೇ ಪದ್ಧತಿಯನ್ನು ಹಿಡಿದು ಅಮೆರಿಕಾ ದೇಶದಲ್ಲಿ ರಚಿತವಾದ ಒಂದು ಪುಟ್ಟ ಚಲಚ್ಚಿತ್ರವು ಇದಕ್ಕೆ ವಿಪರೀತವಾದ ಮಾರ್ಗವನ್ನು ತುಳಿದಿದೆ. ಅಲ್ಲಿ ಮೃಗಗಳೆಲ್ಲ ಸಾಧುಗಳು, ಮನುಷ್ಯನೇ ಕ್ರೂರಮೃಗ. ಹೀಗೆ ಹೇಳುವುದು ಸತ್ಯವೇ? ಸತ್ಯವಲ್ಲದಿದ್ದರೆ, ಹಿತವಾದರೂ ಅಹುದೇ?

ಚಿತ್ರದ ಹೆಸರು 'ಪೀಸ್ ಆನ್ ಅರ್ತ್', ಎಂದರೆ ಭೂಮಿಯಲ್ಲಿ ಶಾಂತಿ. ಕೈಯಿಂದ ಬರೆದ ಚಿತ್ರಗಳನ್ನು ಒಂದರ ಹಿಂದೊಂದಾಗಿ ಓಡಿಸಿ ಜೀವವಿರುವಂತೆ ತೋರಿಸುವ ಜಾತಿಗೆ ಸೇರಿದುದು. ನೋಡಿ ಮುಗಿಸಲು ಹತ್ತು ನಿಮಿಷಗಳೂ ಬೇಕಾಗಿಲ್ಲ. ಮೆಟ್ರೋ-ಗೋಲ್ಡ್ವಿನ್-ಮೇಯರ್ ಸಂಸ್ಥೆಗಾಗಿ ಹ್ಯೂ ಹಾರ್ಮನ್ ಎಂಬಾತನು ನಿರ್ದೇಶಿಸಿದ ಇದು 1939ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಹೊರಬಂದಿತು. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲಾಗಿತ್ತು. ಅಮೆರಿಕೆಯು ಇನ್ನೂ ಹೊರಗೆ ನಿಂತು ನೋಡುತ್ತಿತ್ತು. ಆ ವರ್ಷದ ಅಕಾಡೆಮಿ ಪಾರಿತೋಷಕಕ್ಕೆ ಇದರ ಹೆಸರು ಸೂಚಿತವಾದರೂ ಗೆದ್ದುದು ಡಿಸ್ನಿಯ 'ದಿ ಅಗ್ಲಿ ಡಕ್ಲಿಂಗ್', ಒಂದು ಹಂಸದ ಮರಿಯ ಕಥೆ.

ಕಥಾಸಾರವು ಹೀಗಿದೆ. ಕ್ರಿಸ್ತಜಯಂತಿಯ ಹಬ್ಬ, ಎಲ್ಲೆಲ್ಲಿಯೂ ಹಿಮ. ಪ್ರಾಣಿಗಳ ಊರೊಂದು ಕಾಣುತ್ತದೆ. ಅಲ್ಲಿಯ ಮನೆಗಳೆಲ್ಲ ಸೈನಿಕರ ಉಕ್ಕಿನ ಶಿರಸ್ತ್ರಾಣಗಳು. ಮುದುಕ ಅಳಿಲೊಂದು ಮೊಮ್ಮಕ್ಕಳ ಮನೆಗೆ ಬರುತ್ತದೆ. ಭೂಮಿಯ ಮೇಲೆ ಶಾಂತಿಯನ್ನೂ ಮನುಷ್ಯರಲ್ಲಿ ಸದ್ಭಾವವನ್ನೂ ಹಾರೈಸುವ ಹಬ್ಬದ ಹಾಡನ್ನು ಕೇಳಿದ ಮರಿಗಳು, ಮನುಷ್ಯರೆಂದರೆ ಏನು, ತಾತ, ಎಂದು ಕೇಳುತ್ತವೆ. ಭೂಮಿಯ ಮೇಲೆ ಈಗ ಮನುಷ್ಯನೊಬ್ಬನೂ ಉಳಿದಿಲ್ಲ. ತಾತನು ತಾನು ಕಂಡುದನ್ನು ಹೇಳುತ್ತಾನೆ: ತಲೆಯ ಮೇಲೆ ಕಬ್ಬಿಣದ ಮಡಕೆಯನ್ನು ಬೋರಲು ಹಾಕಿಕೊಂಡು, ಕಾಲಲ್ಲಿ ಭಾರಿ ಪಾದರಕ್ಷೆಗಳನ್ನು ಮೆಟ್ಟಿ, ಕೊನೆಗೆ ಚೂರಿ ಕಟ್ಟಿದ ಬಂದೂಕನ್ನು ಹಿಡಿದು ತಿರುಗುತ್ತಿದ್ದ ಒಂದು ಬಗೆಯ ರಾಕ್ಷಸರು. ವಿಷವಾಯುವನ್ನು ತಡೆಯಲು ಸೈನಿಕರು ತೊಡುವ ಮುಖವಾಡವು ಅಳಿಲಿನ ಕಣ್ಣಿಗೆ ಅವರ ಮೂತಿಯಾಗಿಯೇ ಕಂಡಿದೆ.

ಚಿತ್ರದ ನಿಜವಾದ ಗುಣವು ಇಲ್ಲಿಯೇ ಇದೆ. ದೇಶ, ಧ್ವಜ, ವೀರಸ್ವರ್ಗ ಎಂಬ ಮಾತುಗಳು ಅಳಿಲಿಗೆ ತಿಳಿಯವು. ಅದು ಕಂಡುದನ್ನು ಕಂಡಂತೆ ಹೇಳಬಲ್ಲದು, ಅಷ್ಟೆ. ಮಾತಿನ ಅಲಂಕಾರವನ್ನೆಲ್ಲ ಕಳಚಿಟ್ಟು ನೋಡಿದರೆ ಯುದ್ಧವೆಂಬುದು ಎಷ್ಟು ವಿಚಿತ್ರವಾದ ಕಸುಬು ಎಂಬುದನ್ನು ಎಂಟು ಮಂದಿ ಪಂಡಿತರ ವ್ಯಾಖ್ಯಾನಕ್ಕಿಂತ ಆ ಮುದಿ ಅಳಿಲಿನ ಅಜ್ಞಾನವು ಚೆನ್ನಾಗಿ ತಿಳಿಸುತ್ತದೆ. ಪ್ರಾಣಿಗಳನ್ನು ದುಂಡುದುಂಡಾಗಿ ಮುದ್ದಾಗಿ ಬರೆದ ಚಿತ್ರಕಾರರು ಸೈನಿಕರನ್ನು ಮಾತ್ರ ಇದ್ದಹಾಗೆಯೇ, ನಗುವಿಗೆ ಎಡೆಯಿಲ್ಲದಂತೆ ಬರೆದಿರುವುದೂ ಈ ಕಾರಣದಿಂದಲೇ ಒಪ್ಪುತ್ತದೆ.

ಮನುಷ್ಯರು ಯಾತಕ್ಕಾಗಿ ಹೊಡೆದಾಡಿದರು? ಒಂದು ಜಗಳ ಮುಗಿದರೆ ಇನ್ನೊಂದು. ಚಪ್ಪಟೆ ಕಾಲಿನವರಿಗೂ ಉಬ್ಬುಹಲ್ಲಿನವರಿಗೂ ಒಂದು ಯುದ್ಧ, ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ಮತ್ತೊಂದು. ಪಶ್ಚಿಮದ ಪ್ರೇಕ್ಷಕನು ನಗಲೆಂದೇ ಇದನ್ನು ಹೇಳಿಸಿದೆ. ಭಾರತದ ಪ್ರೇಕ್ಷಕನಿಗೆ ಇಲ್ಲಿ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಊಟದ ಎಲೆಯ ಮೇಲೇನಿದೆಯೆಂಬುದನ್ನು ನೋಡಿ ಪಂಕ್ತಿಯನ್ನೂ ಬಾಡಿಗೆಯ ಮನೆಯನ್ನೂ ನಿರಾಕರಿಸುವ ನಾಡಿನಲ್ಲಿ ಆ ಹಾಸ್ಯವು ಅರ್ಧ ವರದಿಯಂತೆ ಕೇಳಿಸುತ್ತದೆ.

ಕಡೆಗೆ ಇಬ್ಬರೇ ಉಳಿಯುತ್ತಾರೆ. ಒಬ್ಬನು ಇನ್ನೊಬ್ಬನನ್ನು ಹೊಡೆಯುತ್ತಾನೆ. ಪೆಟ್ಟು ತಿಂದವನು ಸಾಯುವ ಮೊದಲು ತಾನೂ ಹೊಡೆಯುತ್ತಾನೆ. ಕೊನೆಯ ಮನುಷ್ಯನು ನೀರು ತುಂಬಿದ ಹಳ್ಳದಲ್ಲಿ ಮುಳುಗುತ್ತಾನೆ, ಅವನ ಕೈಯೊಂದು ಮೆಲ್ಲನೆ ಕೆಳಗಿಳಿಯುತ್ತದೆ. 1955ರಲ್ಲಿ ಹಾನಾ ಮತ್ತು ಬಾರ್ಬೆರಾ ಎಂಬ ಜೋಡಿಯು ಇದೇ ಕಥೆಯನ್ನು ಇಲಿಗಳ ಪಾತ್ರದಿಂದ 'ಗುಡ್ ವಿಲ್ ಟು ಮೆನ್' ಎಂಬ ಹೆಸರಿನಲ್ಲಿ ಮತ್ತೆ ತೆಗೆಯಿತು. ಹಿರೋಷಿಮಾ ನಡೆದು ಆಗ ಹತ್ತು ವರ್ಷವಾಗಿತ್ತು. ಆದುದರಿಂದ ಅಲ್ಲಿ ಮನುಷ್ಯಕುಲವನ್ನು ಮುಗಿಸುವುದು ಮಹಾ ಬಾಂಬು. ಕಾಲಕ್ಕೆ ಅದೇ ತಕ್ಕದ್ದಾದರೂ ನೀತಿದೃಷ್ಟಿಯಿಂದ ಮೊದಲನೆಯದೇ ಮೇಲು. ಬಾಂಬಿಗೆ ಮುಖವಿಲ್ಲ. ಲೋಕದಲ್ಲಿ ಇನ್ನೊಬ್ಬನೇ ಉಳಿದಿದ್ದಾನೆಂದು ಕಂಡೂ ಬಂದೂಕನ್ನು ಎತ್ತಿದವನಿಗೆ ಮುಖವಿದೆ, ಕೈಯಿದೆ, ಎತ್ತದೆ ಇರುವ ಸ್ವಾತಂತ್ರ್ಯವಿತ್ತು.

ಇನ್ನು ದೋಷವನ್ನು ಹೇಳಬೇಕು. ಮನುಷ್ಯರು ಅಳಿದ ಮೇಲೆ ಕಾಡಿನ ಜೀವಿಗಳು ಹೊರಬಂದು ಒಂದು ಹಾಳುಬಿದ್ದ ಚರ್ಚಿನಲ್ಲಿ ಸೇರುತ್ತವೆ. ಅಲ್ಲಿ ತೆರೆದು ಬಿದ್ದಿರುವ ಧರ್ಮಗ್ರಂಥವನ್ನು ವೃದ್ಧ ಗೂಬೆಯೊಂದು ಓದಿ, ಕೊಲ್ಲಬಾರದೆಂಬ ಆಜ್ಞೆಯನ್ನು ಉಳಿದವುಗಳಿಗೆ ತಿಳಿಸುತ್ತದೆ. ಕಟ್ಟಳೆಗಳೇನೋ ಒಳ್ಳೆಯವು, ಮನುಷ್ಯರು ಲಕ್ಷ್ಯ ಕೊಟ್ಟಂತೆ ಕಾಣುವುದಿಲ್ಲ ಎಂಬ ಅಭಿಪ್ರಾಯವನ್ನೂ ಸೇರಿಸುತ್ತದೆ. ಪಾಳುಬಿದ್ದುದನ್ನು ಮರಳಿ ಕಟ್ಟಿರೆಂಬ ಮಾತು ಅದೇ ಗ್ರಂಥದಲ್ಲಿ ಸಿಕ್ಕಿ, ಪ್ರಾಣಿಗಳು ಶಿರಸ್ತ್ರಾಣಗಳಿಂದ ಪೀಸ್‌ವಿಲ್ ಎಂಬ ಊರನ್ನು ಕಟ್ಟುತ್ತವೆ. ಪಶ್ಚಿಮದಲ್ಲಿ ಗೂಬೆಯು ಜ್ಞಾನದ ಕುರುಹು. ಅಲ್ಲಿ ಓದುವ ಕೆಲಸವನ್ನು ಅದಕ್ಕೆ ಒಪ್ಪಿಸಿದುದು ಸಹಜ. ಆದರೆ ಗೂಬೆಯು ಇಲಿ ಅಳಿಲುಗಳನ್ನು ಹಿಡಿದು ತಿಂದು ಬದುಕುವ ಹಕ್ಕಿ. ಅದು ಅಂದಿನ ರಾತ್ರಿ ಏನನ್ನು ಉಂಡಿತು?

ಈ ಪ್ರಶ್ನೆಯನ್ನು ವಿನೋದವೆಂದು ತಳ್ಳುವಂತಿಲ್ಲ. ಪಂಚತಂತ್ರದ ಕಾಕೋಲೂಕೀಯದಲ್ಲಿ ಪಕ್ಷಿಗಳು ಗೂಬೆಗೆ ಪಟ್ಟ ಕಟ್ಟಹೊರಟಾಗ ಕಾಗೆಯು ಅಡ್ಡಬಂದು ಒಂದು ಕಥೆಯನ್ನು ಹೇಳುತ್ತದೆ. ಮೊಲಕ್ಕೂ ಕಪಿಂಜಲ ಪಕ್ಷಿಗೂ ಬಿಲದ ವಿಷಯವಾಗಿ ವ್ಯಾಜ್ಯವುಂಟಾಗಿ, ಎರಡೂ ನದೀತೀರದಲ್ಲಿ ತಪಸ್ವಿಯಂತೆ ನಿಂತಿದ್ದ ಬೆಕ್ಕಿನ ಬಳಿಗೆ ನ್ಯಾಯಕ್ಕೆ ಹೋದುವು. ಬೆಕ್ಕು ಅಹಿಂಸೆಯನ್ನು ಸೊಗಸಾಗಿ ಉಪನ್ಯಾಸಮಾಡಿ, ಕಿವಿ ಕೇಳದೆಂದು ಹತ್ತಿರ ಕರೆದು, ಎರಡನ್ನೂ ತಿಂದುಬಿಟ್ಟಿತು. ಕೊಲ್ಲಬಲ್ಲವನ ಬಾಯಿಂದ ಬರುವ ಧರ್ಮೋಪದೇಶವನ್ನು ಕೇಳುವವನು ಎಚ್ಚರದಿಂದಿರಬೇಕೆಂದು ವಿಷ್ಣುಶರ್ಮನು ಕಂಡಿದ್ದನು. ಹಾರ್ಮನನ ಚಿತ್ರದಲ್ಲಿ ಹಿಂಸೆಯನ್ನೆಲ್ಲ ಮನುಷ್ಯನ ತಲೆಗೆ ಕಟ್ಟಿ, ಕಾಡಿನಿಂದ ಮಾತ್ಸ್ಯನ್ಯಾಯವನ್ನೇ ಒರಸಿಹಾಕಿದೆ. ಹೀಗಾದಾಗ ಶಾಂತಿಯು ಸಾಧಿಸಿದ ವಸ್ತುವಾಗುವುದಿಲ್ಲ; ಕೆಟ್ಟವರು ಸತ್ತುದರಿಂದ ಉಳಿದವರಿಗೆ ಬಂದ ದಾಯವಾಗುತ್ತದೆ. ಕೆಟ್ಟವರೆಲ್ಲ ಸತ್ತರೆ ಸುಖವೆಂಬುದು ಯುದ್ಧಕ್ಕೆ ಹೊರಟವರ ಮಾತೂ ಅಲ್ಲವೆ?

ಹಾಗೆಂದು ಗೂಬೆಯನ್ನು ತೆಗೆದುಹಾಕಬೇಕಾಗಿಲ್ಲ. ಕೊಲ್ಲಬೇಡವೆಂಬ ವಿಧಿಯು ಮೊಲಕ್ಕೆ ವ್ಯರ್ಥ. ಹುಲ್ಲು ತಿನ್ನುವುದಕ್ಕೆ ಶಾಸ್ತ್ರವೇಕೆ? ಆ ಸಭೆಯಲ್ಲಿ ಆ ವಾಕ್ಯವು ಯಾರಿಗಾದರೂ ಅನ್ವಯಿಸುವುದಾದರೆ ಅದನ್ನು ಓದಿದವನಿಗೇ. ಓದುತ್ತ ಓದುತ್ತ ಗೂಬೆಯ ಧ್ವನಿ ಒಂದು ಕ್ಷಣ ತಡವರಿಸಿದ್ದರೆ, ಎದುರಿಗೆ ಕುಳಿತ ಅಳಿಲು ಒಂದು ಹೆಜ್ಜೆ ಹಿಂದೆ ಸರಿದಿದ್ದರೆ, ಅರ್ಧ ನಿಮಿಷದಲ್ಲಿ ಚಿತ್ರವು ಬಹು ಎತ್ತರಕ್ಕೆ ಏರುತ್ತಿತ್ತು. ಚಿತ್ರಕಾರನು ಅಷ್ಟು ಹತ್ತಿರ ಬಂದು, ನೋಡದೆ ಮುಂದೆ ಹೋಗಿದ್ದಾನೆ.

ಮಕ್ಕಳಿಗೆ ತೋರಿಸಬಹುದೇ ಎಂದು ಗೃಹಸ್ಥರು ಕೇಳಬಹುದು. ತೀರ ಎಳೆಯರಿಗೆ ಆ ಮುಳುಗುವ ಕೈ ರಾತ್ರಿ ಕನಸಿನಲ್ಲಿ ಬಂದೀತು. ಹತ್ತು ಹನ್ನೆರಡು ವರ್ಷದವರಿಗೆ, ಹಿರಿಯರೊಬ್ಬರು ಪಕ್ಕದಲ್ಲಿದ್ದು, ತೋರಿಸಬಹುದು, ತೋರಿಸಲೂ ಬೇಕು. ಹುಡುಗರಲ್ಲಿ ಚುರುಕಾದವನೊಬ್ಬನು ಗೂಬೆಯ ಊಟದ ವಿಷಯವನ್ನು ಎತ್ತಿಯೇ ಎತ್ತುವನು. ಆಗ ಅವನನ್ನು ಗದರಿಸದೆ, ಕಪಾಟಿನಿಂದ ಪಂಚತಂತ್ರವನ್ನು ಇಳಿಸಿ, ಮೂರನೆಯ ತಂತ್ರವನ್ನು ಅವನ ಕೈಯಿಂದಲೇ ಓದಿಸುವುದು ಲೇಸು.