ಕೆಲಸಕ್ಕೆ ಕರೆಯುವದು ದಯೆಯೋ, ನ್ಯಾಯವೋ?

ದೊಡ್ಡ ಕಂಪೆನಿಯೊಂದು ಬಹುಕಾಲ ಹೊರಗಿಡಲ್ಪಟ್ಟವರನ್ನು ಕೆಲಸಕ್ಕೆ ಕರೆದರೆ ಅದು ದಯೆಯೋ, ನ್ಯಾಯವೋ ಎಂಬದನ್ನು ಆಲೋಚಿಸೋಣ. ನಮ್ಮ ಸಾಲಗುಂದದ ನೆರೆಯ ಲಿಂಗಸುಗೂರು ಸೀಮೆಯಲ್ಲಿ ಹಟ್ಟಿಯ ಚಿನ್ನದ ಗಣಿಯುಂಟಷ್ಟೆ. 1952ರ ಗಣಿ ಕಾಯಿದೆಯು ದೇಶದ ಯಾವ ಗಣಿಯಲ್ಲಿಯೂ ಸ್ತ್ರೀಯರು ನೆಲದೊಳಗಿನ ಕೆಲಸಕ್ಕೆ ಇಳಿಯಬಾರದೆಂದು ವಿಧಿಸಿತ್ತು. 2019ರಲ್ಲಿ ಸರಕಾರವು ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗಾಗಿ ಹಗಲುಹೊತ್ತಿನಲ್ಲಿ ಅವರಿಗೆ ಆ ಬಾಗಿಲನ್ನು ತೆರೆಯಿತು.

ಯೋಗ್ಯತೆಯನ್ನು ನೋಡಬಾರದೋ ಎಂದು ಕೆಲವರು ಕೇಳುತ್ತಾರೆ. ನೋಡತಕ್ಕದ್ದೇ. ಆದರೆ ಕೈಯ ಕಸುಬನ್ನು ಪರೀಕ್ಷಿಸುವದು ಬೇರೆ, ಹುಟ್ಟನ್ನು ವಿಚಾರಿಸುವದು ಬೇರೆ. ಕರ್ತನು ಹೇಳಿದ ದ್ರಾಕ್ಷೇ ತೋಟದ ಸಾಮ್ಯದಲ್ಲಿ ಸಂಜೆಯ ತನಕ ಪೇಟೆಯಲ್ಲಿ ನಿಂತವರು ಮೈಗಳ್ಳರಾಗಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಯಜಮಾನನು ಅವರು ಬರಲೆಂದು ಕಾದಿರದೆ ತಾನೇ ಹೋಗಿ ಕರೆದನು. ಆದದರಿಂದ ಇಂಥ ಕರೆಯು ತಡವಾಗಿ ತೀರಿಸಿದ ಸಾಲವೇ ಹೊರತು ದಾನವಲ್ಲ.

ಆದರೂ ಕಾಯಿದೆಯನ್ನು ತಿದ್ದಿದ ಮಾತ್ರಕ್ಕೆ ಸಾಲದು. ನೆಲ್ಲಿನ ನಾಟಿಗೆ ಆಳು ಕರೆಯುವಾಗ ನಾವು ಮೊದಲು ಜಾತಿಯನ್ನು ಕೇಳುವೆವೋ? ಹೊಲದ ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವೆವೋ? ಮಗನನ್ನು ಶಾಲೆಗೂ ಮಗಳನ್ನು ಕೂಲಿಗೂ ಕಳುಹಿಸುವವನು, ತೆರೆದ ಬಾಗಿಲನ್ನು ತನ್ನ ಕೈಯಿಂದಲೇ ಮುಚ್ಚುತ್ತಾನೆ. ಮೊದಲು ನಮ್ಮ ಮನೆಯ ಬಾಗಿಲನ್ನು ತೆರೆಯುವಂತೆ ಕರ್ತನು ನಮಗೆ ಕೃಪೆ ಮಾಡಲಿ.