ಆಸರೆಯ ಬಾಗಿಲಲ್ಲಿ ಯಾರನ್ನು ವಿಚಾರಿಸಬೇಕು?

ಮನೆಯಿಲ್ಲದ ಕುಟುಂಬಗಳಿಗಾಗಿ ನಡೆಸುವ ಆಶ್ರಯ ಕೇಂದ್ರದಲ್ಲಿ ಪರಸ್ಪರ ಗುರುತಿಲ್ಲದ ಹಲವು ಸಂಸಾರಗಳು ಒಂದೇ ಸೂರಿನಡಿ ರಾತ್ರಿ ಕಳೆಯುತ್ತವೆ. ಬಾಣಂತಿ, ಹದಿಹರೆಯದ ಹುಡುಗಿ, ಕೂಲಿ ತಪ್ಪಿದ ತಂದೆ, ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಿ ಎಲ್ಲರೂ ಅಲ್ಲಿರುತ್ತಾರೆ. ಹೊಸದಾಗಿ ಬಂದವರ ಪೂರ್ವಾಪರವನ್ನು ಎಷ್ಟು ವಿಚಾರಿಸಿ ಒಳಗೆ ಬಿಡಬೇಕು ಎಂಬುದು ಮೇಲುನೋಟಕ್ಕೆ ಆಡಳಿತದ ಪ್ರಶ್ನೆ. ಬುಡದಲ್ಲಿರುವುದು ಧರ್ಮದ ಪ್ರಶ್ನೆ. ದಿಕ್ಕಿಲ್ಲದೆ ಬಂದವರನ್ನು ಪ್ರಶ್ನಿಸದೆ ಬರಮಾಡಿಕೊಳ್ಳುವುದು ಒಂದು ಕರ್ತವ್ಯ; ಒಳಗೆ ಆಗಲೇ ಮಲಗಿರುವ ಮಗುವನ್ನು ಕಾಯುವುದು ಇನ್ನೊಂದು. ಬಾಗಿಲಲ್ಲಿ ಇವೆರಡೂ ಎದುರುಬದುರಾಗುತ್ತವೆ.

ಮುಂಬಯಿಯಲ್ಲಿ ಈ ಪ್ರಶ್ನೆ ದಿನನಿತ್ಯದ್ದು. 2011ರ ಜನಗಣತಿ ಬೃಹನ್ಮುಂಬಯಿಯಲ್ಲಿ 57 ಸಾವಿರಕ್ಕೂ ಹೆಚ್ಚು ವಸತಿಹೀನರನ್ನು ಎಣಿಸಿತು. ಅವರ ನಡುವೆ ಕೆಲಸ ಮಾಡುವವರು ನಿಜಸಂಖ್ಯೆ ಇದಕ್ಕಿಂತ ಬಹಳ ಹೆಚ್ಚೆನ್ನುತ್ತಾರೆ. ಭಾಯಖಳಾದ ಫುಟ್‌ಪಾತುಗಳಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿದವರು, ಪರೇಲಿನ ಟಾಟಾ ಆಸ್ಪತ್ರೆಯ ಸುತ್ತ ರೋಗಿಯೊಡನೆ ಬೀದಿಯಲ್ಲೇ ಉಳಿದ ಮನೆಮಂದಿ, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಬೆಳಗ್ಗೆ ಕೂಲಿ ನಾಕಾಗಳಲ್ಲಿ ನಿಲ್ಲುವ ಗಾರೆ ಕೆಲಸದವರು ಈ ಲೆಕ್ಕಕ್ಕೆ ಸೇರುತ್ತಾರೆ ಅಥವಾ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಓಲ್ಗಾ ಟೆಲಿಸ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಒಪ್ಪಿತಾದರೂ ತೆರವಿಗೆ ತಡೆಯೊಡ್ಡಲಿಲ್ಲ. ಒಂದು ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ, ಅದೂ ದಿನದ 24 ಗಂಟೆ ತೆರೆದಿರಬೇಕೆಂಬ ಅಳತೆಯನ್ನು ಅದೇ ನ್ಯಾಯಾಲಯ ಹಾಕಿಕೊಟ್ಟದ್ದು 2010ರಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಗಂಡಸರು, ಹೆಂಗಸರ ಕೇಂದ್ರಗಳ ಜೊತೆಗೆ ಕುಟುಂಬಗಳಿಗೆ ಬೇರೆ ಕೇಂದ್ರಗಳನ್ನೂ, ತಲೆಗೆ 50 ಚದರಡಿ ಜಾಗವನ್ನೂ ಸೂಚಿಸಿತು.

ಭಾರತೀಯ ಸಂಪ್ರದಾಯಗಳು ಮೊದಲ ಕರ್ತವ್ಯವನ್ನು ಬಹಳ ಎತ್ತರದಲ್ಲಿಟ್ಟಿವೆ. ತೈತ್ತಿರೀಯೋಪನಿಷತ್ತು ಅತಿಥಿಯನ್ನು ತಾಯಿ, ತಂದೆ, ಗುರುಗಳ ಸಾಲಿನಲ್ಲಿ ಕೂರಿಸುತ್ತದೆ. ಬಂದವರ ಮೂಲ ಕೆದಕದೆ ಅವರನ್ನು ಮನೆಯ ಮಕ್ಕಳಂತೆ ಕಾಣುವುದು ಬಸವಣ್ಣನವರ ಪ್ರಸಿದ್ಧ ವಚನವೊಂದರ ತಿರುಳು. ಮನುಸ್ಮೃತಿಯೂ ಊಟಕ್ಕಾಗಿ ಬ್ರಾಹ್ಮಣನು ತನ್ನ ಕುಲಗೋತ್ರ ಹೇಳಿಕೊಳ್ಳಬಾರದೆನ್ನುತ್ತದೆ. ಆದರೆ ಅಲ್ಲಿ ಅತಿಥಿಯ ಸ್ಥಾನವೇ ವರ್ಣದಿಂದ ನಿರ್ಧಾರವಾಗುವ ಕಾರಣ, ಕೇಳದೆಯೇ ತಿಳಿದುಕೊಂಡ ಉತ್ತರವೊಂದು ಮೊದಲೇ ಇರುತ್ತದೆ. ಪ್ರಶ್ನೆಯಿಲ್ಲದ ಆತಿಥ್ಯವೆಂದು ಕೊಂಡಾಡುವಲ್ಲೆಲ್ಲ ಬಾಗಿಲವರೆಗೆ ಬರಲು ಯಾರಿಗೆ ಬಿಟ್ಟಿದ್ದರು ಎಂಬುದನ್ನೂ ನೋಡಬೇಕಾಗುತ್ತದೆ. ಫ್ರೆಂಚ್ ಚಿಂತಕ ಜಾಕ್ ಡೆರಿಡಾ 1990ರ ದಶಕದ ಉಪನ್ಯಾಸಗಳಲ್ಲಿ ಇದೇ ಬಿಕ್ಕಟ್ಟನ್ನು ಎತ್ತಿಕೊಂಡರು: ಹೆಸರನ್ನೂ ಕೇಳದ ನಿರ್ಬಂಧರಹಿತ ಆತಿಥ್ಯ ಆದರ್ಶ, ಆದರೆ ನಿಯಮಗಳಿಲ್ಲದೆ ಅದು ನೆಲದ ಮೇಲೆ ನಿಲ್ಲಲಾರದು.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಪಾರಿವಾಳದ ಕಥೆ ಈ ಆದರ್ಶದ ತುದಿ. ತನ್ನ ಹೆಂಡತಿಯನ್ನು ಹಿಡಿದು ಪಂಜರಕ್ಕೆ ಹಾಕಿದ ಬೇಡನೇ ಚಳಿಯಲ್ಲಿ ನಡುಗುತ್ತ ಮರದಡಿ ಬಂದಾಗ ಪಾರಿವಾಳ ಬೆಂಕಿ ಹೊತ್ತಿಸಿ, ಅವನ ಹಸಿವಿಗೆ ತಾನೇ ಆಹಾರವಾಗಿ ಉರಿಗೆ ಬೀಳುತ್ತದೆ. ಬಂದವನು ಯಾರೆಂದು ಅದಕ್ಕೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಸತ್ಕರಿಸುತ್ತದೆ. ಶಿಬಿ ಚಕ್ರವರ್ತಿಯೂ ಮೊರೆಹೊಕ್ಕ ಹಕ್ಕಿಗಾಗಿ ತಕ್ಕಡಿಯಲ್ಲಿಟ್ಟದ್ದು ತನ್ನ ಮಾಂಸವನ್ನು. ಎರಡೂ ಕಥೆಗಳಲ್ಲಿ ಆತಿಥ್ಯದ ಬೆಲೆ ತೆರುವವನು ಆತಿಥೇಯನೇ. ಆಶ್ರಯ ಕೇಂದ್ರದ ವ್ಯವಸ್ಥಾಪಕನ ಸ್ಥಿತಿ ಹಾಗಲ್ಲ. ಅವನು ಕಣ್ಣುಮುಚ್ಚಿ ಒಬ್ಬನನ್ನು ಒಳಗೆ ಬಿಟ್ಟರೆ ಅಪಾಯಕ್ಕೆ ಒಡ್ಡುವುದು ತನ್ನನ್ನಲ್ಲ, ಪಕ್ಕದ ಚಾಪೆಯ ಮಗುವನ್ನು. ತನ್ನ ದೇಹವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇರಬಹುದು. ಬೇರೆಯವರ ಮಗುವನ್ನು ಪಣಕ್ಕಿಡುವ ಹಕ್ಕು ಯಾವ ಧರ್ಮಾತ್ಮನಿಗೂ ಇಲ್ಲ. ಆದ್ದರಿಂದ ಪಾರಿವಾಳದ ಔದಾರ್ಯವನ್ನು ಸಂಸ್ಥೆಯ ನಿಯಮವಾಗಿಸಲು ಬರುವುದಿಲ್ಲ.

ರಾಮಾಯಣ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ಪಂಚವಟಿಯಲ್ಲಿ ಸೀತೆ ಸನ್ಯಾಸಿಯ ವೇಷ ನಂಬಿ ರಾವಣನನ್ನು ಉಪಚರಿಸಿದಳು. ವೇಷವೇ ಆಗಿನ ಗುರುತಿನ ಚೀಟಿ. ಅದೇ ಕಾವ್ಯದ ಯುದ್ಧಕಾಂಡದಲ್ಲಿ ವಿಭೀಷಣ ಶರಣು ಬಂದಾಗ ಪೂರ್ವಾಪರ ವಿಚಾರಣೆಯ ಬಗ್ಗೆ ದೀರ್ಘ ಚರ್ಚೆಯೇ ನಡೆಯುತ್ತದೆ. ಸುಗ್ರೀವ ಬೇಡವೆನ್ನುತ್ತಾನೆ, ಪರೀಕ್ಷಿಸಬೇಕೆಂಬುದು ಅಂಗದನ ಮಾತು, ಗೂಢಚಾರರನ್ನು ಬಿಡೋಣವೆಂದು ಶರಭನ ಸಲಹೆ. ಹನುಮಂತನ ಮಾತು ಬೇರೆ: ಆಗಷ್ಟೇ ಬಂದವನನ್ನು ಥಟ್ಟನೆ ಪ್ರಶ್ನಿಸಿದರೆ ಒಳ್ಳೆಯವನ ಮನಸ್ಸೂ ಮುರಿಯುತ್ತದೆ, ನಡೆನುಡಿಯಿಂದ ಅರಿಯುವುದೇ ಸರಿ. ರಾಮ, ಶರಣೆಂದವರಿಗೆಲ್ಲ ಅಭಯ ಕೊಡುವುದು ತನ್ನ ವ್ರತವೆಂದು ಸಾರಿ, ಆ ಪಾರಿವಾಳದ ಕಥೆಯನ್ನೇ ಉದಾಹರಿಸುತ್ತಾನೆ. ಆದರೆ ಅದಕ್ಕೂ ಮೊದಲು, ಬಯಸಿದರೆ ಬೆರಳ ತುದಿಯಿಂದ ರಾಕ್ಷಸರೆಲ್ಲರನ್ನೂ ಕೊಲ್ಲಬಲ್ಲೆನೆಂದು ಅವನು ಹೇಳುತ್ತಾನೆ. ಶರಣಾಗತಿಯ ವ್ಯಾಖ್ಯಾನಗಳು ವ್ರತವನ್ನು ಎತ್ತಿ ಹಿಡಿಯುವಷ್ಟು ಈ ಬಲವನ್ನು ಎತ್ತಿ ಹಿಡಿಯುವುದಿಲ್ಲ. ರಾಮ ಕೇಳದೆ ಒಳಗೆ ಬಿಟ್ಟದ್ದು ಒಳಗಿರುವವರನ್ನು ಕಾಯುವ ಶಕ್ತಿ ಇದ್ದುದರಿಂದ. ಕಾಯುವ ಬಲ ಕಡಿಮೆಯಾದಂತೆ ಬಾಗಿಲಿನ ಪ್ರಶ್ನೆಗಳು ಹೆಚ್ಚುತ್ತವೆ. ನೂರು ಜನಕ್ಕೆ ಒಬ್ಬನೇ ಕಾವಲುಗಾರ, ಚಿಲಕವಿಲ್ಲದ ಶೌಚಾಲಯ, ದೀಪವಿಲ್ಲದ ಓಣಿ ಇರುವ ಕೇಂದ್ರ ಆಧಾರ್ ಕಾರ್ಡು ಕೇಳಿ ಧೈರ್ಯ ತಂದುಕೊಳ್ಳುತ್ತದೆ. ಆ ಕಾರ್ಡು ಯಾರನ್ನೂ ಕಾಯುವುದಿಲ್ಲ.

ಹೀಗೆ ಅಭಯವನ್ನೂ ವಿಚಾರಣೆಯನ್ನೂ ಒಂದೇ ಸಂಸ್ಥೆಯೊಳಗೆ ನಿಭಾಯಿಸಿದ ಹಳೆಯ ಉದಾಹರಣೆ ಬೌದ್ಧ ಸಂಘ. ಬೋರಿವಲಿಯ ಕಾನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ನೆಲೆಸಿದ್ದ ಭಿಕ್ಷುಗಳು ಮನೆ ಬಿಟ್ಟು ಬಂದವರೇ. ಕೊಲೆಗಾರ ಅಂಗುಲಿಮಾಲನನ್ನು ಬುದ್ಧ ಸಂಘಕ್ಕೆ ಸೇರಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ಅಷ್ಟು ಪರಿಚಿತವಲ್ಲ: ಜನ ಹೆದರಿ ದೂರಿದಾಗ, ಕುಖ್ಯಾತ ದರೋಡೆಕೋರರಿಗೆ ಇನ್ನು ಮುಂದೆ ದೀಕ್ಷೆ ಕೊಡಬಾರದೆಂಬ ನಿಯಮ ಬಂತೆಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಅಂಗುಲಿಮಾಲನನ್ನು ಹೊರಹಾಕಲಿಲ್ಲ. ಮನುಷ್ಯ ಬದಲಾಗಬಲ್ಲನೆಂಬ ನಂಬಿಕೆಯೂ ನೆರೆಹೊರೆಯ ಭಯಕ್ಕೆ ಮರ್ಯಾದೆಯೂ ಅಲ್ಲಿ ಒಟ್ಟಿಗೇ ಉಳಿದವು. ದೀಕ್ಷೆಗೆ ಮುನ್ನ ಕೇಳುವ ಪ್ರಶ್ನೆಗಳೂ ಗೊತ್ತುಪಡಿಸಿದವು: ಕೆಲವು ರೋಗಗಳು, ಸಾಲ, ದಾಸ್ಯ, ರಾಜಸೇವೆ, ವಯಸ್ಸು, ತಂದೆತಾಯಿಯ ಒಪ್ಪಿಗೆ. ಜಾತಿ ಆ ಪಟ್ಟಿಯಲ್ಲಿಲ್ಲ. ಸಭೆಯ ನಡುವೆ ತಿಳಿಹೇಳಿದರೆ ಬಂದವರು ನಾಚಿ ತಬ್ಬಿಬ್ಬಾಗುತ್ತಾರೆಂದು, ಮೊದಲು ಪಕ್ಕಕ್ಕೆ ಕರೆದು ತಿಳಿಹೇಳಬೇಕೆಂಬ ಸೂಚನೆಯೂ ಇದೆ. ಸಾಲಿನಲ್ಲಿ ನಿಂತ ಹತ್ತು ಜನರೆದುರು ಹೆಂಗಸೊಬ್ಬಳನ್ನು ಗಂಡನೆಲ್ಲಿ ಎಂದು ಕೇಳುವ ಕೇಂದ್ರಗಳು ಈ ಹಳೆಯ ಸೌಜನ್ಯದಿಂದ ಕಲಿಯುವುದಿದೆ.

ಮುಂಬಯಿಯಲ್ಲಿ ಪೂರ್ವಾಪರ ವಿಚಾರಣೆಗೆ ಇನ್ನೊಂದು ಕರಾಳ ಮುಖವಿದೆ. ಫ್ಲೈಓವರ್‌ಗಳ ಕೆಳಗೆ ಬದುಕುವವರಲ್ಲಿ ಪಾರ್ಧಿ ಕುಟುಂಬಗಳಿವೆ. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟು ಕಾಯ್ದೆಗಳು ಇಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟವು. ಅವರನ್ನು ಕೂಡಿಹಾಕಿದ ವಸಾಹತುಗಳ ನೆನಪಾಗಿ ಹುಬ್ಬಳ್ಳಿಯ ಬಡಾವಣೆಯೊಂದಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿದಿದೆ. ಕಾಯ್ದೆ 1952ರಲ್ಲಿ ರದ್ದಾದರೂ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು, ಪೊಲೀಸರ ಸಂಶಯ ಹೋಗಲಿಲ್ಲ. ಇದರ ಮೇಲೆ 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ, ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿದೊಯ್ಯಲು ಅವಕಾಶ ಕೊಡುತ್ತದೆ. ಇಂಥ ನಗರದಲ್ಲಿ ಪೊಲೀಸ್ ದಾಖಲೆ ನೋಡಿ ಒಳಗೆ ಬಿಡುವ ಪದ್ಧತಿ ಬಡತನವನ್ನೇ ಅಪರಾಧವೆಂದು ಎರಡನೇ ಬಾರಿ ಎಣಿಸಿದಂತೆ. ದಾಖಲೆಯಲ್ಲಿ ಹೆಸರಿರುವವರೆಲ್ಲ ಅಪಾಯಕಾರಿಗಳಲ್ಲ. ನಿಜವಾಗಿ ಅಪಾಯಕಾರಿಯಾದ ಎಷ್ಟೋ ಜನರ ಹೆಸರು ದಾಖಲೆಯಲ್ಲಿರುವುದಿಲ್ಲ.

ಎರಡನೆಯ ಮಾತಿಗೆ ಸಾಕ್ಷಿಯನ್ನು ಬೆಳಕಿಗೆ ತಂದದ್ದು ಮುಂಬಯಿಯ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೇ. ವಸತಿಹೀನರ ನಡುವೆ ಕೆಲಸ ಮಾಡುವ ಅದರ ‘ಕೋಶಿಶ್’ ತಂಡ ಬಿಹಾರದ ನೂರಕ್ಕೂ ಹೆಚ್ಚು ಆಶ್ರಯಧಾಮಗಳ ಸಾಮಾಜಿಕ ಪರಿಶೋಧನೆ ನಡೆಸಿ 2018ರಲ್ಲಿ ಕೊಟ್ಟ ವರದಿಯಿಂದ ಮುಜಫ್ಫರ್‌ಪುರದ ಬಾಲಿಕಾ ಗೃಹದ ಲೈಂಗಿಕ ದೌರ್ಜನ್ಯ ಹೊರಬಿತ್ತು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ಅವರಲ್ಲಿ ಸಂಸ್ಥೆ ನಡೆಸುತ್ತಿದ್ದವನೂ ಸಿಬ್ಬಂದಿಯೂ ಮಾತ್ರವಲ್ಲ, ಮಕ್ಕಳ ರಕ್ಷಣೆಗೆಂದೇ ನೇಮಕಗೊಂಡವರೂ ಇದ್ದರು. ಅಲ್ಲಿ ಅಪಾಯ ಬಂದದ್ದು ಆಸರೆ ಬೇಡಿ ಬಾಗಿಲಲ್ಲಿ ನಿಂತವರಿಂದಲ್ಲ, ಬೀಗದ ಕೈ ಹಿಡಿದವರಿಂದ.

ಆದ್ದರಿಂದ ವಿಚಾರಣೆಯ ತೀವ್ರತೆ ಅಧಿಕಾರದ ಜೊತೆ ಏರಬೇಕು. ಮಕ್ಕಳ ಮೇಲೆ, ಕೋಣೆಗಳ ಮೇಲೆ, ರಾತ್ರಿಯ ಹೊತ್ತಿನ ಮೇಲೆ ಹಿಡಿತವಿರುವ ವ್ಯವಸ್ಥಾಪಕ, ಕಾವಲುಗಾರ, ಅಡುಗೆಯವರು, ಪಾಠ ಹೇಳಲು ಬರುವ ಸ್ವಯಂಸೇವಕರ ಪೂರ್ವಾಪರವನ್ನೇ ಮೊದಲು ಸೋಸಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು, ಮಕ್ಕಳಿರುವ ಅಥವಾ ಮಕ್ಕಳೊಡನೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳ ಕಾಯಂ ಮತ್ತು ಗುತ್ತಿಗೆ ಸಿಬ್ಬಂದಿಯೆಲ್ಲರ ಪೊಲೀಸ್ ವೆರಿಫಿಕೇಶನ್ ನಿಯತವಾಗಿ ನಡೆಯಬೇಕೆನ್ನುತ್ತವೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆಯಾದರೂ ಅದನ್ನು ನೋಡಬಲ್ಲವರು ತನಿಖಾ ಸಂಸ್ಥೆಗಳು ಮಾತ್ರ. ಹಾಗಾಗಿ ಪೊಲೀಸ್ ಠಾಣೆಯ ದಾರಿ ತಪ್ಪಿದ್ದಲ್ಲ. ಮುಜಫ್ಫರ್‌ಪುರ ತೋರಿಸಿದಂತೆ ಪ್ರಮಾಣಪತ್ರವೊಂದೇ ಸಾಲದು, ಆಗಾಗ ಬಂದು ಹೋಗುವ ಹೊರಗಿನ ಕಣ್ಣು ಬೇಕು. ದೌರ್ಜನ್ಯ ತಿಳಿದರೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ಎಲ್ಲರ ಕರ್ತವ್ಯ.

ಆಸರೆಗೆ ಬಂದವರನ್ನು ಕೇಳಬೇಕಾದ್ದು ಕಡಿಮೆ: ಹೆಸರು, ಜೊತೆಗಿರುವ ಮಕ್ಕಳು ಯಾರವರು, ಯಾರಿಂದಾದರೂ ಭಯವಿದೆಯೇ, ಔಷಧಿ ಬೇಕೇ. ಮಕ್ಕಳ ಕುರಿತ ಪ್ರಶ್ನೆ ಬಿಡುವಂಥದ್ದಲ್ಲ. ಸಾಗಿಸಿ ತಂದ ಮಗು ಕುಟುಂಬದ ಹೆಸರಿನಲ್ಲಿ ಒಳಬರಬಹುದು. ಬರೆದುಕೊಂಡದ್ದು ಹೊರಗೆ ಹೋಗಬಾರದು. ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆ ಬಯಸಿದರೆ ಅವಳ ಗುರುತನ್ನು ಆಶ್ರಯಧಾಮ ಬಿಟ್ಟುಕೊಡಬಾರದೆಂದು 2006ರ ನಿಯಮಗಳು ಹೇಳುತ್ತವೆ. ಅವಳನ್ನು ಹುಡುಕಿಕೊಂಡು ಬಂದ ಗಂಡನ ಕೈಗೆ ರಿಜಿಸ್ಟರು ಸಿಕ್ಕರೆ ಸುರಕ್ಷತೆಗೆಂದು ಬರೆದ ಹೆಸರೇ ಅವಳಿಗೆ ಮುಳುವಾಗುತ್ತದೆ. ಉಳಿದ ಕೆಲಸ ಕಟ್ಟಡದ್ದು: ಪ್ರತಿ ಕುಟುಂಬಕ್ಕೆ ಮರೆ, ಒಳಗಿನಿಂದ ಹಾಕುವ ಚಿಲಕ, ರಾತ್ರಿಯೆಲ್ಲ ಉರಿಯುವ ದೀಪ, ಮಹಿಳಾ ಸಿಬ್ಬಂದಿ. ಸುರಕ್ಷತೆಯ ಹೆಸರಿನಲ್ಲಿ ಬೆಳೆದ ಮಗನನ್ನು ತಾಯಿಯಿಂದ ಬೇರ್ಪಡಿಸಿದರೆ ಎಷ್ಟೋ ಕುಟುಂಬಗಳು ಒಟ್ಟಿಗಿರಲು ಫುಟ್‌ಪಾತನ್ನೇ ಆರಿಸಿಕೊಳ್ಳುತ್ತವೆ. ಅಮೆರಿಕದಲ್ಲಿ 2009ರ ಕಾನೂನು, ಸರ್ಕಾರಿ ನೆರವಿನ ಕುಟುಂಬ ಕೇಂದ್ರಗಳು 18 ವರ್ಷದೊಳಗಿನ ಮಗುವಿನ ವಯಸ್ಸನ್ನು ನೆಪವಾಗಿಸಿ ಸಂಸಾರವನ್ನು ನಿರಾಕರಿಸುವುದನ್ನು ನಿಷೇಧಿಸಿತು.

ಇಷ್ಟಾದರೂ ಕೆಲವರನ್ನು ಕುಟುಂಬ ಕೇಂದ್ರದೊಳಗೆ ಬಿಡಲಾಗದು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದು ಸಾಬೀತಾದವರು, ಒಳಗಿರುವ ಹೆಂಗಸನ್ನೇ ಬೆನ್ನಟ್ಟಿ ಬಂದವರು. ಅವರಿಗೂ ಮಳೆ ತಗಲುತ್ತದೆ, ಅಭಯದ ಋಣ ಅವರ ವಿಷಯದಲ್ಲೂ ತೀರುವುದಿಲ್ಲ. ಗಂಡಸರ ಕೇಂದ್ರದಲ್ಲಿ, ಮಕ್ಕಳಿಂದ ದೂರದಲ್ಲಿ ಅವರಿಗೊಂದು ಜಾಗ ಇದ್ದಾಗ ಮಾತ್ರ ಈ ನಿರಾಕರಣೆ ಧರ್ಮಸಮ್ಮತವಾಗುತ್ತದೆ. 2011ರಲ್ಲಿ 1.24 ಕೋಟಿ ಜನರಿದ್ದ ಮುಂಬಯಿಗೆ ನ್ಯಾಯಾಲಯದ ಅಳತೆಯಂತೆ 124 ಆಶ್ರಯ ಕೇಂದ್ರಗಳು ಬೇಕು. ಇರುವವು ಅದರ ಸಣ್ಣ ಪಾಲು. ಹೀಗಾಗಿ ಇಂದು ಒಂದು ಬಾಗಿಲಲ್ಲಿ ಬೇಡವೆನಿಸಿಕೊಂಡವರಿಗೆ ಹೆಚ್ಚಿನಂಶ ಇನ್ನೊಂದು ಬಾಗಿಲೇ ಇರುವುದಿಲ್ಲ.