ಒರತೆ ನೋಡಲು ಹೋಗುವ ಮುನ್ನ

ಬಾಯಾರಿ ಬಂದವರಿಗೆ ನೀರಿಲ್ಲ ಎನ್ನಬಾರದು. ಈ ಮಾತಿಗೆ ನಮ್ಮ ಕಾಸರಗೋಡಿನ ಕಡೆ ಎರಡನೇ ಅಭಿಪ್ರಾಯವಿಲ್ಲ. ಜಗಲಿ ಹತ್ತಿದವರಿಗೆ ಬೆಲ್ಲ, ನೀರು ಕೊಟ್ಟ ಮೇಲೆಯೇ ಯಾರು, ಎಲ್ಲಿಂದ ಎಂದು ಕೇಳುವ ಕ್ರಮ. ಆದರೆ ಬಾಯಾರಿಕೆ ಇಲ್ಲದೆ, ನೀರನ್ನು ನೋಡಲಿಕ್ಕೆಂದೇ ಬಂದವರಿಗೂ ಅದೇ ಹಕ್ಕು ಉಂಟಾ?

ಈ ಪ್ರಶ್ನೆ ಎದ್ದದ್ದು ನಮ್ಮ ವಾಚನಾಲಯದಲ್ಲೇ. ಯುವಕರು ಶನಿವಾರ, ಭಾನುವಾರ ಸೇರಿಸಿ ನೀರು ಹುಟ್ಟುವ ಜಾಗಗಳಿಗೆ ಒಂದು ಪ್ರವಾಸ ಹಾಕಿದ್ದರು. ಮೊದಲ ದಿನ ಕುಂಬಳೆ ಹತ್ತಿರದ ಅನಂತಪುರ. ಅಲ್ಲಿ ದೇವಸ್ಥಾನವೇ ಒರತೆಯ ಕೆರೆಯ ನಡುವೆ ಇದೆ. ಮರುದಿನ ಪಾಣತ್ತೂರು ದಾರಿಯಾಗಿ ಭಾಗಮಂಡಲ, ಅಲ್ಲಿಂದ ತಲಕಾವೇರಿ. ಇಷ್ಟರವರೆಗೆ ಯಾರದ್ದೂ ತಕರಾರಿಲ್ಲ. ಆಗ ಒಬ್ಬ ಹುಡುಗ, "ನಮ್ಮ ಗುಡ್ಡೆಯ ಒರತೆಯನ್ನೂ ಸೇರಿಸುವ. ಮೊಬೈಲಿನಲ್ಲಿ ದಾರಿ ಹಾಕಿದರೆ ಹೊರಗಿನವರೂ ಬರ್ತಾರೆ" ಎಂದ. ಆ ಒರತೆಯ ಕೆಳಗೆ ಮೂರು ಮನೆಗಳಿವೆ. ಏಪ್ರಿಲ್ ಬಂತೆಂದರೆ ಬೆರಳು ಗಾತ್ರದ ಆ ನೀರೇ ಅವರಿಗೆ ಅಡುಗೆಗೂ ಕುಡಿಯಲಿಕ್ಕೂ.

ತಲಕಾವೇರಿಗೂ ಈ ಒರತೆಗೂ ದೊಡ್ಡ ವ್ಯತ್ಯಾಸ ಉಂಟು. ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ಅಲ್ಲಿ ಸಾವಿರಾರು ಜನ ಸೇರ್ತಾರೆ, ಸರಿ. ಆದರೆ ಅಲ್ಲಿನ ಪುಟ್ಟ ಕುಂಡಿಕೆಗೆ ಕಟ್ಟೆ ಇದೆ, ಕಾಯುವವರಿದ್ದಾರೆ, ಎಲ್ಲಿ ಮೀಯಬೇಕು, ಎಲ್ಲಿ ಕೈ ಹಾಕಬಾರದು ಎಂಬ ಕಟ್ಟುಪಾಡಿದೆ. ನಮ್ಮ ಗುಡ್ಡೆಯ ಒರತೆಗೆ ಬೇಲಿಯೂ ಇಲ್ಲ, ಪೂಜೆಯೂ ಇಲ್ಲ. ಹೆಚ್ಚು ಜನರಿಗೆ ಗೊತ್ತಿಲ್ಲ ಎಂಬುದೊಂದೇ ಅದರ ಕಾವಲು.

ಹಾಗಾದರೆ ಮುಚ್ಚಿಡುವುದೇ ಸರಿಯಾ? ಅಲ್ಲಿದ್ದ ಮೇಷ್ಟ್ರು ಒಪ್ಪಲಿಲ್ಲ. "ಮಕ್ಕಳಿಗೆ ನೀರೆಂದರೆ ನಳ್ಳಿ ಅಂತಲೇ ಗೊತ್ತು. ನೋಡದ ಒರತೆಯನ್ನು ಉಳಿಸಿ ಅಂತ ಹೇಳಿದರೆ ಅವು ಯಾಕೆ ಕೇಳ್ತವೆ?" ಎಂದರು. ತೂಕದ ಮಾತು. ಪಡ್ರೆ, ಬಾಯಾರು ಕಡೆಯ ಸುರಂಗಗಳನ್ನೇ ನೋಡಿ. ಶ್ರೀ ಪಡ್ರೆಯವರಂಥವರು ಬರೆದ ಮೇಲೆ, ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ನಮ್ಮವರ ವಿದ್ಯೆ ದೂರದ ಊರುಗಳಿಗೂ ತಿಳಿಯಿತು. ಯಾರೂ ಕಾಣದ ಒರತೆ ಯಾರಿಗೂ ಗೊತ್ತಾಗದೆ ಸಾಯಲೂಬಹುದು.

ಅದು ಸಾಯುವುದಾದರೂ ಎಲ್ಲಿಂದ? ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಗುಡ್ಡೆಯ ತಲೆಯ ಮುರಕಲ್ಲು ತೂತು ತೂತಾದ ಕಲ್ಲು. ಮಳೆಯನ್ನು ಕುಡಿದು ಇಳಿಸುತ್ತದೆ. ಅಡಿಯಲ್ಲಿ ಶೇಡಿಮಣ್ಣು ಸಿಕ್ಕಿದಲ್ಲಿ ನೀರಿಗೆ ಕೆಳಗೆ ದಾರಿಯಿಲ್ಲ. ಅದು ಬದಿಗೆ ಹರಿದು ಇಳಿಜಾರಿನಲ್ಲಿ ಎಲ್ಲೋ ಹೊರಗೆ ಬರುತ್ತದೆ. ಅದೇ ಒರತೆ. ಮೇಲೆ ಯಂತ್ರ ನಿಲ್ಲಿಸಿ ಕಲ್ಲು ಕಡಿದರೆ, ಸುತ್ತ ಕೊಳವೆಬಾವಿ ಕೊರೆದರೆ, ಒರತೆಯ ಬಾಯಿಯನ್ನು ಯಾರೂ ಮುಟ್ಟದೆಯೂ ಅದು ಬತ್ತಬಹುದು.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಬಾಯಿಯ ದಾಹ ಒಂದು ಬೊಗಸೆಗೆ ತೀರುತ್ತದೆ, ಅದಕ್ಕೇ ಅದಕ್ಕೆ ಹಕ್ಕುಂಟು. ಕಣ್ಣಿನ ದಾಹಕ್ಕೆ ಅಳತೆಯಿಲ್ಲ. ಆದ್ದರಿಂದ ಅದು ಅಪ್ಪಣೆ ಕೇಳಬೇಕು. ಯಾರಲ್ಲಿ? ಜಾಗದ ಪಟ್ಟೆ ಒಬ್ಬರ ಹೆಸರಿನಲ್ಲಿರಬಹುದು. ಆದರೆ ಮೊದಲು ಕೇಳಬೇಕಾದ್ದು ಆ ನೀರು ಕುಡಿದು ಬದುಕುವವರಲ್ಲಿ. ಅವರು ಬೇಡ ಎಂದರೆ ಬೇಡ. ಬನ್ನಿ ಎಂದರೆ ನೆಂಟರ ಹಾಗೆ ಹೋಗುವುದು. ಬೇಸಿಗೆ ಬಿಟ್ಟು ನೀರು ಧಾರಾಳ ಇರುವ ಧನು ತಿಂಗಳಲ್ಲಿ ಹೋಗಬಹುದು. ವಾಹನ ರಸ್ತೆಯಲ್ಲೇ ಇರಲಿ, ಸಾಬೂನು, ಪ್ಲಾಸ್ಟಿಕ್ ಮನೆಯಲ್ಲೇ ಇರಲಿ, ಮೊಬೈಲಿನಲ್ಲಿ ದಾರಿ ಹಾಕುವುದು ಬೇಡವೇ ಬೇಡ.

ಇನ್ನೊಂದು ಮಾತು. ಮಕ್ಕಳನ್ನು ಮೊದಲು ಒರತೆಗಲ್ಲ, ಗುಡ್ಡೆಯ ತಲೆಗೆ ಹತ್ತಿಸಬೇಕು. ಮಳೆ ಒಳಗಿಳಿಯುವ ಜಾಗ ನೋಡಿದ ಮೇಲೆ ಕೆಳಗಿಳಿದು ನೀರು ಕಾಣಬೇಕು. ಹಾಗೆ ನೋಡಿದವರು ನೋಡಿದ್ದರ ಋಣ ಹೊತ್ತಂತೆ. ಆ ಗುಡ್ಡೆಗೆ ಯಂತ್ರ ಹತ್ತುವ ದಿನ, ಕೆಳಗಿನ ಮೂರು ಮನೆಯವರ ಜೊತೆ ಅವರೂ ಪಂಚಾಯತಿಗೆ ಬರಬೇಕು. ಅಷ್ಟಕ್ಕೆ ತಯಾರಿಲ್ಲದವರಿಗೆ ಅನಂತಪುರ ಉಂಟು, ತಲಕಾವೇರಿ ಉಂಟು. ನಮ್ಮ ಒರತೆ ಬೇಡ.